ವಿಮಾನ ಅಂದ್ರೆ ನಮಗೆ ಟಿಕೆಟ್ ಮಾತ್ರವಾ?

ಎನ್‌ಸಿಸಿ ಏರ್ ವಿಂಗ್: ಮಂಗಳೂರಿನಲ್ಲೇ ಇರುವ, ನಮ್ಮ ಮಕ್ಕಳು ತಟ್ಟದ ಬಾಗಿಲು

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲೂಕಿನಲ್ಲಿ ತುಬಚಿ ಎಂಬ ಊರುಂಟು. ಕೃಷ್ಣಾ ನದಿಯ ಸೀಮೆ, ಎಲ್ಲಿ ನೋಡಿದರೂ ಕಬ್ಬು. ನಮ್ಮ ಕರಾವಳಿಯವರು ಆ ಹೆಸರು ಕೇಳಿದ್ದರೆ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಸುದ್ದಿಯಲ್ಲಿ ಕೇಳಿರಬೇಕು, ಅಷ್ಟೆ. ನಮ್ಮ ಸಂಬಂಧಿಕರೊಬ್ಬರು ಜಮಖಂಡಿ ಕಡೆ ಬೇಕರಿ ಇಟ್ಟು ತುಂಬಾ ವರ್ಷವಾಯಿತು. ಅವರನ್ನು ನೋಡಲು ಹೋದವನು, ಬನ್ನು-ಬ್ರೆಡ್ಡು ಸಾಗಿಸುವ ವ್ಯಾನಿನಲ್ಲಿ ಕೂತು ತುಬಚಿಗೂ ಒಂದು ಸುತ್ತು ಹೋಗಿ ಬಂದೆ.

ಅಲ್ಲಿ ಒಂದು ಅಂಗಡಿ ಕಟ್ಟೆಯಲ್ಲಿ ಚಹಾ ಕುಡಿಯುವಾಗ ಡಿಗ್ರಿ ಓದುವ ಹುಡುಗನೊಬ್ಬ ಮಾತಿಗೆ ಸಿಕ್ಕಿದ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾನಂತೆ, ಆರ್ಮಿ ವಿಂಗ್. ನಾನು ಮಂಗಳೂರಿನವನು ಎಂದು ಗೊತ್ತಾದ ಕೂಡಲೇ ಅವನ ಮುಖ ಅರಳಿತು. "ಸರ, ನಿಮ್ಮ ಮಂಗಳೂರಾಗ ಏರ್ ವಿಂಗ್ ಐತ್ರೀ. ನಮ್ಮ ಕಡೆ ಹುಡುಕಿದ್ರೂ ಸಿಗಂಗಿಲ್ಲ. ನಿಮ್ಮ ಹುಡುಗೋರು ಭಾಳ ಮಂದಿ ಹೋಗ್ತಾರೇನ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮೊಹಲ್ಲಾದಲ್ಲಿ ಏರ್ ವಿಂಗ್ ಸೇರಿದ ಒಬ್ಬ ಹುಡುಗನ ಹೆಸರೂ ನೆನಪಿಗೆ ಬರಲಿಲ್ಲ. "ಹೋಗ್ತಾರೆ, ಕೆಲವರು" ಎಂದು ಹೇಳಿ ಚಹಾ ಮುಗಿಸಿದೆ.

ಆ ಹುಡುಗನಿಗೆ ಈ ಹುಚ್ಚು ಹಿಡಿದದ್ದು 2019ರ ಆಗಸ್ಟ್‌ನಲ್ಲಿ. ಆ ವರ್ಷ ಕೃಷ್ಣಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಹಳ್ಳಿಗಳೇ ನೀರಿನಲ್ಲಿ ನಿಂತಿದ್ದವು. ಸಿಕ್ಕಿಹಾಕಿಕೊಂಡವರನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದಿದ್ದವು. ಆಗ ಇವನಿನ್ನೂ ಶಾಲೆಗೆ ಹೋಗುವ ಪೋರ. ಅವನ ಮಟ್ಟಿಗೆ ಹಾರುವ ಯಂತ್ರ ಅಂದರೆ ಜೀವ ಉಳಿಸಲು ಬರುವುದು.

ನಮ್ಮ ಮಟ್ಟಿಗೆ?

ನಮ್ಮ ಮನೆಯ ವಿಮಾನ

ಬಜ್ಪೆಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಅಂದು ಪ್ರಧಾನಿ ನೆಹರೂ ಅವರೇ ಬಂದಿಳಿದಿದ್ದರು. ಆಮೇಲೆ ಎಪ್ಪತ್ತರ ದಶಕದಲ್ಲಿ ಗಲ್ಫ್ ಬಾಗಿಲು ತೆರೆಯಿತು. ಆವತ್ತಿನಿಂದ ಬ್ಯಾರಿ ಮನೆಗಳಿಗೂ ವಿಮಾನಕ್ಕೂ ಬಿಡಿಸಲಾಗದ ನಂಟು. ಉಪ್ಪ ಹೋದದ್ದು ವಿಮಾನದಲ್ಲಿ, ಮದುವೆಯಾಗಿ ತಿಂಗಳಿಗೆ ಮಗ ಹೋದದ್ದೂ ಅದರಲ್ಲೇ. ಮನೆ ಕಟ್ಟಿದ ದುಡ್ಡು, ತಂಗಿಯ ಮದುವೆಯ ಚಿನ್ನ, ಉಮ್ಮನ ಆಪರೇಶನ್ನಿನ ಖರ್ಚು ಎಲ್ಲವೂ ಬಂದದ್ದು ಅದೇ ದಾರಿಯಲ್ಲಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಹೆಸರು ನೋಡದೆ ಬೆಳೆದ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ?

ಅಂದರೆ ವಿಮಾನ ನಮಗೆ ಹೊಸತಲ್ಲ. ಆದರೆ ನಾವು ಅದನ್ನು ಪ್ರಯಾಣಿಕರ ಸೀಟಿನಿಂದ ಮಾತ್ರ ನೋಡಿದ್ದೇವೆ. ಉಳಿದವರು ಗೇಟಿನ ಹೊರಗೆ ನಿಂತು ಕಣ್ಣೊರೆಸಿಕೊಂಡು ನೋಡಿದ್ದಾರೆ. ಅದನ್ನು ಹಾರಿಸುವವರು, ರಿಪೇರಿ ಮಾಡುವವರು, ಟವರಿನಲ್ಲಿ ಕೂತು ಇಳಿಯಲು ಅನುಮತಿ ಕೊಡುವವರು ಬೇರೆ ಯಾರೋ. ಐವತ್ತು ವರ್ಷ ಟಿಕೆಟ್ ತೆಗೆದ ಸಮುದಾಯದಲ್ಲಿ ಕಾಕ್‌ಪಿಟ್ ಒಳಗಿನ ಮುಖಗಳು ಎಷ್ಟು ಎಂದು ಕೇಳಿಕೊಂಡರೆ ಬೆರಳುಗಳೇ ಹೆಚ್ಚಾಗಬಹುದು.

ಇನ್ನೊಂದು ನೆನಪೂ ಉಂಟು, ಹೇಳದೆ ಮುಂದೆ ಹೋಗಲಿಕ್ಕಾಗದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. ಇದ್ದ 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಬದುಕಿದ್ದು ಎಂಟೇ ಮಂದಿ. ಕರಾವಳಿಯಿಂದ ಕಾಸರಗೋಡಿನವರೆಗೆ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮುಗಿದಿಲ್ಲ.

ತುಬಚಿಯಿಂದ ಊರಿಗೆ ಬಂದಾಗ ನನ್ನ ಅಕ್ಕನ ಮನೆಯಲ್ಲಿ ಇದೇ ವಿಷಯದ ಜಗಳ ನಡೆದಿತ್ತು. ಅವಳ ಮಗಳು ಪಿಯುಸಿ ಸೇರಿದ್ದಾಳೆ, ವಿಜ್ಞಾನ. ಕಾಲೇಜಿನಲ್ಲಿ ಏರ್ ವಿಂಗ್‌ಗೆ ಹೆಸರು ಕೊಡಬೇಕಂತೆ. ಪೋಷಕರ ಸಹಿ ಬೇಕು. ಅಕ್ಕ ಒಂದೇ ಮಾತು ಹೇಳಿದಳು, "ವಿಮಾನದ ಸುದ್ದಿ ಈ ಮನೆಯಲ್ಲಿ ಬೇಡ." 2010ರಲ್ಲಿ ನೆರೆಮನೆಗೆ ಸುದ್ದಿ ಬಂದಾಗ ಆ ಮನೆಯ ಹೆಂಗಸರನ್ನು ಹಿಡಿದುಕೊಂಡು ಕೂತವಳು ಅವಳು. ಅವಳ ಭಯ ಸುಳ್ಳಲ್ಲ. ಆದರೆ ಮಗಳ ಆಸೆಯೂ ಸುಳ್ಳಲ್ಲ. "ಮಾಮ, ನೀವೇ ಹೇಳಿ" ಅಂದಳು ಹುಡುಗಿ. ಹೇಳುವ ಮೊದಲು ನಾನೇ ಸ್ವಲ್ಪ ತಿಳಿದುಕೊಳ್ಳಬೇಕಿತ್ತು. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಏನಿದು ಏರ್ ವಿಂಗ್?

ಎನ್‌ಸಿಸಿ ಶುರುವಾದದ್ದು 1948ರಲ್ಲಿ, ಸಂಸತ್ತಿನ ಕಾಯ್ದೆಯ ಮೂಲಕ. ಮರುವರ್ಷ ಹುಡುಗಿಯರ ವಿಭಾಗ ಬಂತು. 1950ರಲ್ಲಿ ಮುಂಬೈ ಮತ್ತು ಕೋಲ್ಕತಾದಲ್ಲಿ ಒಂದೊಂದು ಏರ್ ಸ್ಕ್ವಾಡ್ರನ್ ಕಟ್ಟಿ ಏರ್ ವಿಂಗ್ ಆರಂಭಿಸಿದರು. ಈಗ ಆರ್ಮಿ, ನೇವಿ, ಏರ್ ಎಂದು ಮೂರು ವಿಂಗ್. ಮಂಗಳೂರಿನ ಅದೃಷ್ಟ ಏನೆಂದರೆ ಇಲ್ಲಿ ಮೂರೂ ಉಂಟು. ಏರ್ ವಿಂಗ್‌ನದ್ದು 6ನೇ ಕರ್ನಾಟಕ ಏರ್ ಸ್ಕ್ವಾಡ್ರನ್. ಬೆಂಗಳೂರಿನಲ್ಲಿ ಜಕ್ಕೂರು ವಾಯುನೆಲೆಯಲ್ಲಿ ಇನ್ನೊಂದು. ತುಬಚಿಯ ಹುಡುಗ ಹೊಟ್ಟೆಕಿಚ್ಚು ಪಟ್ಟದ್ದು ಸುಮ್ಮನೆ ಅಲ್ಲ.

ಇದರಲ್ಲಿ ಎರಡು ಹಂತ. ಎಂಟನೇ, ಒಂಬತ್ತನೇ ತರಗತಿಯಲ್ಲಿ ಸೇರುವುದು ಜೂನಿಯರ್. ಎರಡು ವರ್ಷ ಮುಗಿಸಿ ಪರೀಕ್ಷೆ ಪಾಸಾದರೆ 'ಎ' ಸರ್ಟಿಫಿಕೇಟ್. ಪಿಯುಸಿ, ಡಿಗ್ರಿಯಲ್ಲಿ ಸೇರುವುದು ಸೀನಿಯರ್. ಅಲ್ಲಿ ಎರಡು ವರ್ಷಕ್ಕೆ 'ಬಿ', ಮೂರನೇ ವರ್ಷಕ್ಕೆ 'ಸಿ'. ಪರೀಕ್ಷೆಗೆ ಕೂರಬೇಕಾದರೆ ಪರೇಡಿನಲ್ಲಿ ಶೇ. 75 ಹಾಜರಾತಿ ಬೇಕು, ಕ್ಯಾಂಪ್ ಮಾಡಿರಬೇಕು. ಎಲ್ಲ ಶಾಲೆ-ಕಾಲೇಜಿನಲ್ಲೂ ಏರ್ ವಿಂಗ್ ಇರುವುದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್‌ನಂಥ ಕೆಲವು ಸಂಸ್ಥೆಗಳಲ್ಲಿ ಉಂಟು.

ದುಡ್ಡು? ಅಕ್ಕ ಕೇಳಿದ ಎರಡನೇ ಪ್ರಶ್ನೆ ಇದು. ಸೇರಲು ಫೀಸಿಲ್ಲ. ಸಮವಸ್ತ್ರದ ಖರ್ಚು ಸರಕಾರದ್ದು. ಕ್ಯಾಂಪಿನಲ್ಲಿ ಊಟ, ವಸತಿಯೂ ಅವರದ್ದೇ. ಪೈಲಟ್ ಆಗಲು ಹಲವು ಹತ್ತು ಲಕ್ಷ ಬೇಕು ಎಂದು ಕೇಳಿ ಕೇಳಿ ಕನಸನ್ನೇ ಮಡಚಿಟ್ಟ ಮನೆಗಳಿಗೆ ಇದು ಗೊತ್ತಿರಬೇಕು. ವಿಮಾನದ ಮೊದಲ ಪಾಠಕ್ಕೆ ಒಂದು ರೂಪಾಯಿ ಫೀಸೂ ಬೇಕಾಗಿಲ್ಲ.

ಕಲಿಸುವುದು ಏನು? ಬರೀ ಎಡ-ಬಲ ಅಲ್ಲ. ಡ್ರಿಲ್, ಪ್ರಥಮ ಚಿಕಿತ್ಸೆ, ಬಂದೂಕು ಗುರಿ ಎಲ್ಲ ವಿಂಗ್‌ಗೂ ಸಮಾನ. ಏರ್ ವಿಂಗ್‌ನಲ್ಲಿ ಅದರ ಜೊತೆಗೆ ರೆಕ್ಕೆಯ ಮೇಲೆ ಗಾಳಿ ಹರಿದರೆ ವಿಮಾನ ಯಾಕೆ ಮೇಲೇಳುತ್ತದೆ, ಎಂಜಿನ್ ಹೇಗೆ ಕೆಲಸ ಮಾಡುತ್ತದೆ, ಮೋಡ-ಗಾಳಿ ಓದುವುದು ಹೇಗೆ, ನಕ್ಷೆ ಹಿಡಿದು ದಿಕ್ಕು ಹುಡುಕುವುದು ಹೇಗೆ ಎಂಬ ಪಾಠಗಳಿವೆ. ಹಗುರ ಬಾಲ್ಸಾ ಮರದಲ್ಲಿ ಪುಟ್ಟ ವಿಮಾನ ಮಾಡಿ ಹಾರಿಸುವ ಏರೋಮಾಡೆಲಿಂಗ್ ಉಂಟು. ನಮ್ಮ ಮಕ್ಕಳು ಯೂಟ್ಯೂಬ್ ನೋಡಿ ಥರ್ಮಾಕೋಲಿನಲ್ಲಿ ಮಾಡುವುದನ್ನು ಇಲ್ಲಿ ಲೆಕ್ಕ ಹಾಕಿ ಮಾಡಿಸುತ್ತಾರೆ.

ಹಾರುವುದು ಮೈಕ್ರೋಲೈಟ್ ಎಂಬ ಸಣ್ಣ ವಿಮಾನದಲ್ಲಿ. ಎನ್‌ಸಿಸಿ ಬಳಿ ಇರುವ 'ವೈರಸ್ ಎಸ್‌ಡಬ್ಲ್ಯು 80' ಸ್ಲೊವೇನಿಯ ದೇಶದ ಪಿಪಿಸ್ಟ್ರೆಲ್ ಕಂಪೆನಿಯದ್ದು. ಹೆಸರು ಕೇಳಿ ಹೆದರಬೇಡಿ, ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ. ಎರಡೇ ಸೀಟು, ಅಕ್ಕಪಕ್ಕ. ಎಂಜಿನ್ 80 ಅಶ್ವಶಕ್ತಿಯದ್ದು, ನಮ್ಮ ಊರಿನ ಸಾಧಾರಣ ಕಾರಿನಷ್ಟೇ. ಪಕ್ಕದ ಸೀಟಿನಲ್ಲಿ ತರಬೇತಾದ ಪೈಲಟ್ ಇರುತ್ತಾರೆ. ಮಕ್ಕಳನ್ನು ಒಬ್ಬೊಬ್ಬರೇ ಮೇಲೆ ಕಳಿಸಿ ಕೆಳಗೆ ನೋಡುತ್ತಾ ನಿಲ್ಲುವ ವ್ಯವಸ್ಥೆ ಅಲ್ಲ ಅದು.

ಸಿಗುವುದೇನು?

ಸರ್ಟಿಫಿಕೇಟಿನ ಲೆಕ್ಕವನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಮನೆಯ ಹಿರಿಯರು ಕೇಳುವುದು ಅದನ್ನೇ.

ಡಿಗ್ರಿ ಮುಗಿಸಿ ವಾಯುಪಡೆಯಲ್ಲಿ ಅಧಿಕಾರಿ ಆಗಬೇಕಾದರೆ ಎಎಫ್‌ಕ್ಯಾಟ್ ಎಂಬ ಲಿಖಿತ ಪರೀಕ್ಷೆ ಬರೆಯಬೇಕು. ಲಕ್ಷಾಂತರ ಮಕ್ಕಳು ಬರೆಯುತ್ತಾರೆ. ಆದರೆ ಏರ್ ವಿಂಗ್‌ನ ಸೀನಿಯರ್ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ಫ್ಲೈಯಿಂಗ್ ಬ್ರಾಂಚಿನಲ್ಲಿ ಎನ್‌ಸಿಸಿ ವಿಶೇಷ ಪ್ರವೇಶ ಎಂಬ ಪ್ರತ್ಯೇಕ ದಾರಿ ಉಂಟು. ಅವರಿಗೆ ಲಿಖಿತ ಪರೀಕ್ಷೆ ಇಲ್ಲ, ನೇರ ಆಯ್ಕೆ ಮಂಡಳಿಯ ಸಂದರ್ಶನ. ಶೇ. 10 ಸೀಟು ಅವರಿಗೇ ಮೀಸಲು. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಈ ದಾರಿ ಏರ್ ವಿಂಗ್ 'ಸಿ' ಇದ್ದವರಿಗೆ ಮಾತ್ರ. ತುಬಚಿಯ ಹುಡುಗ ಎಷ್ಟು ಚುರುಕಾಗಿದ್ದರೂ ಆರ್ಮಿ ವಿಂಗ್ ಸರ್ಟಿಫಿಕೇಟ್ ಹಿಡಿದು ಈ ಬಾಗಿಲಲ್ಲಿ ಒಳಗೆ ಹೋಗಲಾರ. ಅವನು ಎಎಫ್‌ಕ್ಯಾಟ್ ಬರೆದೇ ಹೋಗಬೇಕು. ಮಂಗಳೂರಿನ ಮಕ್ಕಳ ಮನೆ ಬಾಗಿಲಲ್ಲೇ ಇರುವುದು ಅವನಿಗೆ ಊರು ಬಿಟ್ಟರೂ ಸಿಗುವುದು ಕಷ್ಟ.

ಅಗ್ನಿವೀರ್ ನೇಮಕಾತಿಯಲ್ಲೂ ಎನ್‌ಸಿಸಿ ಸರ್ಟಿಫಿಕೇಟಿಗೆ ಹೆಚ್ಚುವರಿ ಅಂಕ ಉಂಟು. ವಾಯುಪಡೆಗೆ ಆಯ್ಕೆಯಾದ ಅಗ್ನಿವೀರರ ತರಬೇತಿ ನಡೆಯುವುದು ನಮ್ಮ ರಾಜ್ಯದಲ್ಲೇ, ಬೆಳಗಾವಿ ಸಾಂಬ್ರಾದ ಏರ್‌ಮೆನ್ ತರಬೇತಿ ಶಾಲೆಯಲ್ಲಿ. 2023ರಿಂದ ಅಲ್ಲಿ ಹುಡುಗಿಯರೂ ತರಬೇತಿ ಪಡೆಯುತ್ತಿದ್ದಾರೆ. ಆದರೆ ಅದು ನಾಲ್ಕು ವರ್ಷದ ಸೇವೆ, ಕಾಯಂ ಆಗುವುದು ನಾಲ್ವರಲ್ಲಿ ಒಬ್ಬರು. ಅದನ್ನೂ ತಿಳಿದೇ ಹೋಗಬೇಕು.

ಸೇನೆ ಬೇಡ ಅನ್ನುವವರಿಗೂ ಲಾಭ ಉಂಟು. ಸಿಇಟಿ ಮೂಲಕ ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸಿಗೆ ಸೇರುವಾಗ ವಿಶೇಷ ವರ್ಗಗಳಲ್ಲಿ ಎನ್‌ಸಿಸಿಯೂ ಒಂದು. ಸರ್ಟಿಫಿಕೇಟ್ ಅಲಮಾರಿನಲ್ಲಿ ಇಟ್ಟು, ಅರ್ಜಿಯಲ್ಲಿ ಆ ಕಾಲಂ ತುಂಬದೆ ಬಿಟ್ಟು ಬರುವವರು ಈಗಲೂ ಇದ್ದಾರೆ. 2021ರಲ್ಲಿ ಯುಜಿಸಿ ಎನ್‌ಸಿಸಿಯನ್ನು ಡಿಗ್ರಿಯಲ್ಲಿ ಐಚ್ಛಿಕ ವಿಷಯವಾಗಿ, ಕ್ರೆಡಿಟ್ ಸಹಿತ ಓದಲು ಅವಕಾಶ ಕೊಟ್ಟಿತು.

ಇನ್ನು ನಾಗರಿಕ ವಿಮಾನಯಾನ. ಕಮರ್ಶಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಜೊತೆಗೆ ಡಿಜಿಸಿಎ ಪರೀಕ್ಷೆಗಳು. ಆ ಪರೀಕ್ಷೆಗಳ ವಿಷಯ ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮ, ತಾಂತ್ರಿಕ ಜ್ಞಾನ. ಏರ್ ವಿಂಗ್ ಕೆಡೆಟ್ ಇವುಗಳಲ್ಲಿ ಹೆಚ್ಚಿನದರ ಅಕ್ಷರಾಭ್ಯಾಸ ಮಾಡಿರುತ್ತಾನೆ. ಪೈಲಟ್ ಒಂದೇ ಕೆಲಸ ಅಲ್ಲ. ವಿಮಾನ ರಿಪೇರಿ ಎಂಜಿನಿಯರ್ ಲೈಸೆನ್ಸ್ ಉಂಟು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ಅಥವಾ ಎಂಜಿನಿಯರಿಂಗ್ ಮಾಡಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ಏರ್ ಟ್ರಾಫಿಕ್ ಕಂಟ್ರೋಲರ್ ಆಗಬಹುದು. ಗಲ್ಫಿಗೇ ಹೋಗಬೇಕು ಅನ್ನುವವರು ಹೋಗಲಿ, ಆದರೆ ಕೈಯಲ್ಲಿ ಇಂಥದ್ದೊಂದು ಲೈಸೆನ್ಸ್ ಹಿಡಿದು ಹೋದವನಿಗೂ ಬರಿಗೈಯಲ್ಲಿ ಹೋದವನಿಗೂ ಸಂಬಳದಲ್ಲಿ ಎಷ್ಟು ವ್ಯತ್ಯಾಸ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸರ್ಟಿಫಿಕೇಟಿನಲ್ಲಿ ಬರೆಯದ ಲಾಭವೂ ಉಂಟು. ಹತ್ತು ದಿನದ ಕ್ಯಾಂಪಿನಲ್ಲಿ ನಮ್ಮ ಮಕ್ಕಳು ಬೇರೆ ಊರು, ಬೇರೆ ಜಾತಿ, ಬೇರೆ ಭಾಷೆಯವರ ಜೊತೆ ಒಂದೇ ಬ್ಯಾರಕ್ಕಿನಲ್ಲಿ ಮಲಗುತ್ತಾರೆ, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಇವತ್ತಿನ ಕರಾವಳಿಯಲ್ಲಿ ಇದು ಎಷ್ಟು ದೊಡ್ಡದು ಎಂದು ವಿವರಿಸಬೇಕಾಗಿಲ್ಲ. ಒಬ್ಬರ ಬಗ್ಗೆ ಒಬ್ಬರು ವಾಟ್ಸ್ಆ್ಯಪಿನಲ್ಲಿ ಓದಿದವರು ಅಲ್ಲಿ ಬೂಟು ಪಾಲಿಶ್ ಡಬ್ಬಿ ಹಂಚಿಕೊಳ್ಳುತ್ತಾರೆ.

ಸಿಗದೇ ಇರುವುದು

ಬಣ್ಣ ಹಚ್ಚಿ ಹೇಳಿದರೆ ಮುಂದೆ ನಿರಾಶೆ ಆಗುತ್ತದೆ. ಏರ್ ವಿಂಗ್ ಸೇರಿದವರೆಲ್ಲ ಪೈಲಟ್ ಆಗುವುದಿಲ್ಲ. ಸೀಟು ಕಡಿಮೆ, ಓಟ ಮತ್ತು ಸಂದರ್ಶನದಲ್ಲಿ ಗೆದ್ದವರಿಗೆ ಮಾತ್ರ. ಸೇರಿದವರಿಗೂ ಹಾರಾಟ ಸಿಗುವುದು ವಿಮಾನ ಲಭ್ಯ ಇದ್ದಾಗ, ಹವಾಮಾನ ಸರಿ ಇದ್ದಾಗ. ನಮ್ಮ ಮಳೆಗಾಲ ಗೊತ್ತಲ್ಲ. ಸಿಕ್ಕಿದರೂ ಅದು ನಿಮಿಷಗಳ ಲೆಕ್ಕ. ಅದರಿಂದ ಪೈಲಟ್ ಲೈಸೆನ್ಸ್ ಸಿಗುವುದಿಲ್ಲ.

ವಾಯುಪಡೆಯ ಫ್ಲೈಯಿಂಗ್ ಬ್ರಾಂಚಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಹತ್ತನೇ ತರಗತಿ ಮುಗಿದಾಗ 'ಗಣಿತ ಕಷ್ಟ' ಎಂದು ಬಿಟ್ಟರೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ಕಣ್ಣು, ಎತ್ತರ, ಆರೋಗ್ಯದ ತಪಾಸಣೆ ಬಿಗಿ. ಮುಂಜಾನೆ ಎದ್ದು ಪರೇಡಿಗೆ ಹೋಗಬೇಕು, ರಜೆಯಲ್ಲಿ ಕ್ಯಾಂಪಿಗೆ ಹೋಗಬೇಕು, ಮದುವೆ ಸೀಝನ್ ಇದ್ದರೂ. ಅರ್ಧಕ್ಕೆ ಬಿಟ್ಟರೆ ಸರ್ಟಿಫಿಕೇಟ್ ಇಲ್ಲ, ಬೇರೊಬ್ಬರ ಸೀಟು ಹಾಳಾದದ್ದು ಮಾತ್ರ ಲಾಭ.

ಅಕ್ಕನ ಪ್ರಶ್ನೆ

ಇಷ್ಟೆಲ್ಲ ಕೇಳಿದ ಮೇಲೂ ಅಕ್ಕ ಅಲುಗಲಿಲ್ಲ. "ಎಲ್ಲ ಸರಿ. ಬಿದ್ದರೆ?" ಎಂದಳು.

ಅವಳಿಗೆ ನಾನು 2010ರ ತನಿಖಾ ವರದಿಯ ಮಾತು ಹೇಳಿದೆ. ಅಂದಿನ ವಿಮಾನ ಇಳಿಯುವಾಗ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಇತ್ತು. ಅಂಥ ಹೊತ್ತಿನಲ್ಲಿ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬೇಕು. ಅದಕ್ಕೆ 'ಗೋ ಅರೌಂಡ್' ಎನ್ನುತ್ತಾರೆ. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಬಾರಿ 'ಗೋ ಅರೌಂಡ್' ಎಂದು ಹೇಳಿದರು. ಆದರೂ ಕ್ಯಾಪ್ಟನ್ ಇಳಿಸಲು ಹೋದದ್ದೇ ದುರಂತಕ್ಕೆ ನೇರ ಕಾರಣ ಎಂದು ತನಿಖೆ ಹೇಳಿತು.

ವರದಿಯ ಆ ಭಾಗ ನನ್ನನ್ನು ತುಂಬಾ ದಿನ ಕಾಡಿದೆ. ಯಂತ್ರ ಕೆಟ್ಟಿರಲಿಲ್ಲ. ಆಕಾಶವೂ ಕೆಟ್ಟಿರಲಿಲ್ಲ. ಸರಿಯಾದ ಮಾತು ಆಡಿದವರೂ ಅಲ್ಲೇ ಇದ್ದರು. ಕೇಳಿಸಿಕೊಳ್ಳುವ ಅಭ್ಯಾಸ ಸೋತಿತು. ವಿಮಾನಯಾನದ ಶಿಸ್ತು ಅಂದರೆ ಬೂಟು ಕುಟ್ಟುವುದಲ್ಲ. ಪಟ್ಟಿ ಹಿಡಿದು ಒಂದೊಂದೇ ಪರೀಕ್ಷಿಸುವುದು, ತಪ್ಪು ಕಂಡರೆ ಹಿರಿಯರ ಎದುರೂ ಗಟ್ಟಿಯಾಗಿ ಹೇಳುವುದು, ಹೇಳಿದ್ದನ್ನು ಹಿರಿಯರು ಕೇಳುವುದು, ಸರಿ ಇಲ್ಲದಿದ್ದರೆ ನಾಚಿಕೆ ಪಡದೆ ಹಿಂದೆ ಸರಿಯುವುದು. ಹದಿನಾರು ವರ್ಷದಲ್ಲಿ ಇದನ್ನು ಕಲಿತ ಹುಡುಗಿ ಮುಂದೆ ಪೈಲಟ್ ಆಗದೆ ನರ್ಸ್ ಆದರೂ, ಟೀಚರ್ ಆದರೂ, ಮನೆ ನಡೆಸಿದರೂ ಅದು ಕೆಲಸಕ್ಕೆ ಬರುತ್ತದೆ. ನಮ್ಮ ಹುಡುಗರು ನಡುರಾತ್ರಿ ಹೆದ್ದಾರಿಯಲ್ಲಿ ಬೈಕ್ ಓಡಿಸುವಾಗಲೂ ಬರುತ್ತದೆ.

"ವಿಮಾನ ಬೀಳದಂತೆ ನೋಡಿಕೊಳ್ಳುವವರಲ್ಲಿ ನಮ್ಮವಳೂ ಒಬ್ಬಳು ಇರಲಿ ಅಲ್ವಾ?" ಎಂದೆ. ಅಕ್ಕ ಏನೂ ಹೇಳಲಿಲ್ಲ.

ಸಮವಸ್ತ್ರ, ಗಡ್ಡ, ಊಟ

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅಡಗಿಸಿ ಇಡುವುದಕ್ಕಿಂತ ಮೊದಲೇ ಮಾತಾಡುವುದು ಒಳ್ಳೆಯದು.

ಏರ್ ವಿಂಗ್ ಸಮವಸ್ತ್ರ ನೀಲಿ ಛಾಯೆಯದ್ದು, ಹುಡುಗಿಯರಿಗೂ ಪ್ಯಾಂಟು-ಶರ್ಟು, ತಲೆಗೆ ಬೆರೆ ಟೋಪಿ. ಸಮವಸ್ತ್ರ ಎಲ್ಲರಿಗೂ ಒಂದೇ. ಗಡ್ಡದ ವಿಷಯದಲ್ಲಿ ವಾಯುಪಡೆಯ ನಿಯಮ ಬಿಗಿ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿಯಮವನ್ನು ಎತ್ತಿಹಿಡಿದು, ಗಡ್ಡ ಬಿಡಲು ಅನುಮತಿ ಕೇಳಿದ್ದ ಮುಸ್ಲಿಂ ಸಿಬ್ಬಂದಿಯ ಅರ್ಜಿಯನ್ನು ತಳ್ಳಿಹಾಕಿತು. ಇದನ್ನು ಸೇರಿದ ಮೇಲೆ ತಿಳಿದು ಸಂಕಟ ಪಡುವುದಕ್ಕಿಂತ ಸೇರುವ ಮೊದಲೇ ತಿಳಿದು ಮನೆಯಲ್ಲಿ ಕೂತು ತೀರ್ಮಾನಿಸಬೇಕು. ಒಂದು ಮನೆಗೆ ಒಪ್ಪುವುದು ಇನ್ನೊಂದು ಮನೆಗೆ ಒಪ್ಪದಿರಬಹುದು. ಅದು ಆಯಾ ಮನೆಯ ವಿಚಾರ.

ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕರಿಗೆ ಎಎನ್‌ಒ ಎನ್ನುತ್ತಾರೆ. ಉಮ್ಮ-ಉಪ್ಪ ಹೋಗಿ ಅವರನ್ನೇ ಕೇಳಬಹುದು. ಕ್ಯಾಂಪಿನಲ್ಲಿ ಹುಡುಗಿಯರ ವಸತಿ ಹೇಗೆ, ಜೊತೆಯಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರಾ, ಮಾಂಸ ತಿನ್ನದವರಿಗೆ ಸಸ್ಯಾಹಾರ ಸಿಗುತ್ತದಾ, ಉಪವಾಸದ ತಿಂಗಳಲ್ಲಿ ಕ್ಯಾಂಪ್ ಬಂದರೆ ಏನು, ನಮಾಝಿಗೆ ಸಮಯ ಹೇಗೆ. ಕೇಳಲು ನಾಚಿಕೆ ಬೇಡ. ಕೇಳದೆ, "ಅಲ್ಲಿ ಹಾಗಂತೆ, ಹೀಗಂತೆ" ಎಂದು ಯಾರೋ ಹೇಳಿದ್ದನ್ನು ನಂಬಿ ಮಕ್ಕಳನ್ನು ತಡೆಯುವುದೇ ನಮ್ಮಲ್ಲಿ ಹೆಚ್ಚು.

ಮೊದಲು ಹೋದವರು

"ಅಲ್ಲಿ ನಮ್ಮವರನ್ನು ಮೇಲೆ ಬರಲು ಬಿಡುತ್ತಾರಾ?" ಎಂಬ ಮಾತು ಹಿರಿಯರ ಬಾಯಲ್ಲಿ ಬರುತ್ತದೆ. ಹೈದರಾಬಾದಿನ ಇದ್ರೀಸ್ ಹಸನ್ ಲತೀಫ್ 1942ರಲ್ಲಿ ವಾಯುಪಡೆ ಸೇರಿದರು. ವಿಭಜನೆಯ ಹೊತ್ತಿಗೆ ಪಾಕಿಸ್ತಾನದ ವಾಯುಪಡೆಗೆ ಹೋಗುವ ಅವಕಾಶ ಇದ್ದರೂ ಇಲ್ಲೇ ಉಳಿದರು. 1978ರಿಂದ 1981ರ ವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದರು.

ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೂ ಪೈಲಟ್ ಆಗುವ ಆಸೆ ಇತ್ತು. ಡೆಹ್ರಾಡೂನಿನಲ್ಲಿ ವಾಯುಪಡೆಯ ಸಂದರ್ಶನಕ್ಕೆ ಹೋದರು. ಎಂಟು ಮಂದಿಯನ್ನು ತೆಗೆದುಕೊಂಡರು, ಇವರು ಒಂಬತ್ತನೆಯವರು. ಆ ಒಂದು ಸ್ಥಾನ ತಪ್ಪಿದವರು ಮುಂದೆ ರಾಕೆಟ್ ಮಾಡಿದರು, ರಾಷ್ಟ್ರಪತಿಯಾದರು. ಏರ್ ವಿಂಗ್‌ಗೆ ಆಯ್ಕೆಯಾಗದೆ ಅಳುತ್ತಾ ಬರುವ ಮಕ್ಕಳಿಗೆ ಇದನ್ನು ಹೇಳಿ.

ಹುಡುಗಿಯರ ದಾರಿಯೂ ಈಗ ಅಗಲವಾಗಿದೆ. 2016ರಲ್ಲಿ ವಾಯುಪಡೆಗೆ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಬಂದರು. ಅವರು ಜೆಟ್ ಹಾರಿಸುವುದನ್ನು ಕಲಿತ ಸ್ಥಳಗಳಲ್ಲಿ ನಮ್ಮ ಬೀದರ್ ಕೂಡ ಒಂದು. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. ನಾಗರಿಕ ವಿಮಾನಯಾನದಲ್ಲಿ ಹೈದರಾಬಾದಿನ ಸಯ್ಯದಾ ಸಲ್ವಾ ಫಾತಿಮಾ ಇದ್ದಾರೆ. ಅವರ ತಂದೆ ಬೇಕರಿಯಲ್ಲಿ ದುಡಿಯುವವರು. ಮಗಳು ಸಹಾಯ ಕೇಳಿ, ಸರಕಾರದ ನೆರವೂ ಪಡೆದು ಕಮರ್ಶಿಯಲ್ ಪೈಲಟ್ ಆದರು. ಜಮಖಂಡಿಯ ಬೇಕರಿಯಲ್ಲಿ ಈ ಕಥೆ ಹೇಳಿದಾಗ ನಮ್ಮ ಸಂಬಂಧಿಕರು ಓವನ್ನಿನ ಮುಂದೆ ಬೆವರೊರೆಸಿಕೊಂಡು, "ಹೌದಾ?" ಎಂದು ಎರಡು ಸಲ ಕೇಳಿದರು.

ಏನು ಮಾಡಬೇಕು?

ಮಗು ಏಳನೇ ತರಗತಿಯಲ್ಲಿದ್ದರೆ ಈಗಲೇ ಶಾಲೆಯಲ್ಲಿ ಕೇಳಿ, ಎನ್‌ಸಿಸಿ ಉಂಟಾ, ಯಾವ ವಿಂಗ್ ಎಂದು. ಹತ್ತನೇ ತರಗತಿಯಲ್ಲಿದ್ದರೆ ಕಾಲೇಜು ಹುಡುಕುವಾಗ ಫೀಸು, ಬಸ್ಸು ಕೇಳಿದಂತೆ ಏರ್ ವಿಂಗ್ ಉಂಟಾ ಎಂದೂ ಕೇಳಿ. ಸೇರಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಕಾಲೇಜು ಶುರುವಾದ ಮೊದಲ ವಾರಗಳಲ್ಲೇ ನೋಟೀಸು ಬೋರ್ಡಿನಲ್ಲಿ ಆಯ್ಕೆಯ ದಿನ ಹಾಕುತ್ತಾರೆ. ಆ ದಿನ ತಪ್ಪಿದರೆ ಮತ್ತೊಂದು ವರ್ಷ ಹೋಯಿತು. ಆಧಾರ್, ಫೋಟೊ, ಅಂಕಪಟ್ಟಿ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಸಿದ್ಧ ಇರಲಿ. ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ನಮ್ಮಲ್ಲಿ ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಮತ್ತೊಂದು ಕಡೆ ಬರೀ 'ಎಂ.ಡಿ.' ಎಂದಿದ್ದು ಕೊನೆಗೆ ಸರ್ಟಿಫಿಕೇಟಿನಲ್ಲಿ ತೊಂದರೆ ಆಗುತ್ತದೆ.

ಆಯ್ಕೆಗೆ ಎರಡು ತಿಂಗಳು ಮೊದಲೇ ಬೆಳಗ್ಗೆ ಓಡಲು ಶುರು ಮಾಡಲಿ. ದಿನಕ್ಕೆ ಹತ್ತು ನಿಮಿಷ ಪೇಪರ್ ಓದಲಿ, ನಾಲ್ಕು ಜನರ ಎದುರು ನಿಂತು ಮಾತಾಡುವ ಅಭ್ಯಾಸ ಮಾಡಲಿ. ಜಮಾಅತ್‌ಗಳು, ಯುವಕರ ಸಂಘಗಳು ಪ್ರತಿವರ್ಷ ರ‍್ಯಾಂಕ್ ಬಂದವರಿಗೆ ಶಾಲು ಹೊದಿಸುತ್ತವೆ. ಜೊತೆಗೆ ಜೂನ್ ತಿಂಗಳಲ್ಲಿ ಒಂದು ಸಂಜೆ ಎನ್‌ಸಿಸಿ ಮುಗಿಸಿದ ಮಕ್ಕಳನ್ನು ಕರೆಸಿ ಕಿರಿಯರ ಜೊತೆ ಮಾತಾಡಿಸಿದರೆ ಖರ್ಚು ಚಹಾ-ಸಮೋಸದ್ದು ಮಾತ್ರ.

ನನ್ನ ಅಕ್ಕನ ಮನೆಯ ವಿಷಯ ಹೇಳದಿದ್ದರೆ ನೀವು ಬಿಡಲಿಕ್ಕಿಲ್ಲ. ನಾಲ್ಕು ದಿನ ಆ ಫಾರಂ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಐದನೇ ದಿನ ಅಕ್ಕ ಕಾಲೇಜಿಗೆ ಹೋಗಿ, ಎಎನ್‌ಒ ಎದುರು ಕೂತು, ಚೀಟಿಯಲ್ಲಿ ಬರೆದುಕೊಂಡು ಹೋದ ಒಂಬತ್ತು ಪ್ರಶ್ನೆ ಕೇಳಿ ಬಂದಳು. ಸಂಜೆ ನನಗೆ ಫೋನ್ ಮಾಡಿದಳು. "ಸಹಿ ಹಾಕಿದ್ದೇನೆ. ಓಟದಲ್ಲಿ ಪಾಸಾಗುತ್ತಾಳಾ ಇಲ್ವಾ ಗೊತ್ತಿಲ್ಲ. ಬೆಳಗ್ಗೆ ಐದು ಗಂಟೆಗೆ ಎಬ್ಬಿಸಲಿಕ್ಕೆ ನೀನು ಬರ್ತೀಯಾ?" ಎಂದಳು.

ಮುಂದಿನ ಸಲ ತುಬಚಿಗೆ ಹೋದರೆ ಆ ಹುಡುಗ ಮತ್ತೆ ಸಿಗಬಹುದು. ನಿಮ್ಮ ಹುಡುಗೋರು ಹೋಗ್ತಾರೇನ್ರೀ ಎಂದು ಅವನು ಮತ್ತೆ ಕೇಳಿದರೆ ಒಂದು ಹೆಸರನ್ನಾದರೂ ಹೇಳಬಹುದು. ಅದು ಹುಡುಗನದ್ದಲ್ಲ, ಹುಡುಗಿಯದ್ದು ಅಷ್ಟೆ. ಉಳಿದ ಹೆಸರುಗಳು ನಿಮ್ಮ ಮನೆಗಳಿಂದ ಬರಬೇಕು.